ನೀರೋಲೆ

ಆ ಸಂಜೆ ವಿಶೇಷವೇನೂ ಇರಲಿಲ್ಲ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿಂದ ಬಂದು, ಚಪ್ಪಲಿ ಬಿಟ್ಟು, ಬ್ಲೀಚಿನ ವಾಸನೆ ಹೋಗಲೆಂದು ಕೈ ತೊಳೆದಳು. ವಾಸನೆ ಹೋಗಲಿಲ್ಲ. ಯಾವತ್ತೂ ಹೋಗುತ್ತಿರಲಿಲ್ಲ. ಗಂಡ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದ. ಅವಳ ತಂಗಿ ಮಂಚದ ಮೇಲೆ ಕಾಲು ಮಡಚಿ ಕೂತು, ಭಾವನ ಫೋನು ಕೈಯಲ್ಲಿ ಹಿಡಿದು, ಮಕ್ಕಳಿಗೆ ಹೇಳುವಂತೆ ಹೇಳಿಕೊಡುತ್ತಿದ್ದಳು.

“ಭಾವ, ಇನ್ನೊಂದ್ಸಲ ಹೇಳ್ತೀನಿ, ಕೇಳ್ಕೊಳ್ಳಿ. ಪತ್ರ ಈಗಲೇ ಬರೀರಿ. ಈ ಗಡಿಯಾರದ ಗುರುತು ಒತ್ತಿ. ಯಾವ ಹೊತ್ತಿಗೆ ಹೋಗ್ಬೇಕು ಅಂತ ಹೇಳಿ. ಬೆಳಗ್ಗೆ ತಾನಾಗೇ ಹೋಗುತ್ತೆ.”

“ನಾನು ಒತ್ತದೇನೇ?”

“ಫೋನ್ ಆಫ್ ಆಗಿದ್ರೂ ಹೋಗುತ್ತೆ. ನೀವು ಗೊರಕೆ ಹೊಡೀತಿದ್ರೂ ಹೋಗುತ್ತೆ.”

“ಗೊರಕೆ ನನ್ನದಲ್ಲಮ್ಮ, ನಿಮ್ಮಕ್ಕಂದು.”

“ಹೌದೌದು,” ಎಂದಳು ಅವಳು ಒಲೆಯ ಕಡೆಯಿಂದ. “ನನ್ನ ಗೊರಕೆಗೇ ಬೀದಿಗೆಲ್ಲ ಎಚ್ಚರ ಆಗೋದು. ನಿಮ್ಮ ನೀರೋಲೆ ಯಾಕೆ ಬೇಕು?”

ಮೂವರೂ ನಕ್ಕರು. ಆ ಮನೆಯಲ್ಲಿ ಮೂವರು ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಅವನದು ನೀರು ಬಿಡುವ ಕೆಲಸ. ಆ ಊರಿನ ನೀರು ಎಲ್ಲ ಬೀದಿಗೂ ಒಟ್ಟಿಗೆ ಸಾಲುತ್ತಿರಲಿಲ್ಲ. ಒಂದು ಬೀದಿಗೆ ಬಿಟ್ಟರೆ ಇನ್ನೊಂದಕ್ಕೆ ಕಟ್ಟಬೇಕು. ರಸ್ತೆಯ ನಡುವಿನ ಕಬ್ಬಿಣದ ಮುಚ್ಚಳ ಎತ್ತಿ, ಗುಂಡಿಗಿಳಿದು, ಕೊಳವೆಯ ಚಕ್ರ ತಿರುಗಿಸಬೇಕು. ಹೀಗೆ ತಿರುಗಿಸಿ ತಿರುಗಿಸಿ ಅವನಿಗೆ ತಿರುಗಣೆ ಎಂದೇ ಹೆಸರಾಗಿತ್ತು. ಇಳಿಯುವಾಗ ಸೊಂಟಕ್ಕೆ ಹಗ್ಗ ಇರಬೇಕು, ಹಗ್ಗದ ಇನ್ನೊಂದು ತುದಿ ಹಿಡಿದು ಮೇಲೊಬ್ಬ ನಿಂತಿರಬೇಕು ಅನ್ನುವುದು ನಿಯಮ. ಆ ಇನ್ನೊಬ್ಬನನ್ನು ಎಲ್ಲರೂ ಹಗ್ಗದವನು ಅನ್ನುತ್ತಿದ್ದರು.

ಮೊದಲು ಫೋನಿನಲ್ಲಿ ಬೀದಿಯವರ ಗುಂಪೊಂದಿತ್ತು. ಅದರಲ್ಲಿ ನೀರಿನ ಸುದ್ದಿ ಒಂದು ಹನಿ, ಶುಭೋದಯದ ಹೂವು ಒಂದು ಹೊಳೆ. ಮೇಲಿನ ಬೀದಿಯವರು ಕೆಳಗಿನ ಬೀದಿಯವರ ಮೇಲೆ ಹರಿಹಾಯುತ್ತಿದ್ದರು. ಬೈಯಲು ಇನ್ಯಾರೂ ಸಿಗದಿದ್ದರೆ ಎಲ್ಲರೂ ಸೇರಿ ಅವನನ್ನು ಬೈಯುತ್ತಿದ್ದರು. ಬಚ್ಚಲಲ್ಲಿದ್ದರೂ ಫೋನು ಬಡಿದುಕೊಳ್ಳುತ್ತಿತ್ತು. ಒಂದು ದಿನ ಅವನು ಗುಂಪು ಬಿಟ್ಟು ಹೊರಬಿದ್ದ.

“ನಾನು ಹೇಳ್ಬೇಕು, ಅವರು ಕೇಳ್ಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು. ಅಂಥದ್ದೇನಾದ್ರೂ ಇದ್ಯಾ?” ಎಂದು ನಾದಿನಿಯನ್ನು ಕೇಳಿದ. ಅವಳು ಫೋನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

“ಇದೆ ಭಾವ. ಈಮೇಲು. ದಿನಾ ಒಂದು ಪತ್ರ ಎಲ್ಲರಿಗೂ ಒಟ್ಟಿಗೆ ಕಳಿಸಬಹುದು. ಬೇಕಾದವರು ವಿಳಾಸ ಕೊಡ್ತಾರೆ, ಬೇಡವಾದವರು ಬಿಟ್ಟು ಹೋಗ್ತಾರೆ.”

“ದಿನಾ ಕೆಳಗೆ ಇಳಿಯೋನು ಮೇಲ್ ಕಳಿಸೋದಾ!”

ಈ ತಮಾಷೆಯನ್ನು ಅವನು ಎಷ್ಟು ಸಲ ಹೇಳಿದನೆಂದರೆ, ಕೊನೆಕೊನೆಗೆ ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ “ಗೊತ್ತು, ಗೊತ್ತು, ಮೇಲ್” ಅನ್ನುತ್ತಿದ್ದಳು.

ಪತ್ರಕ್ಕೆ ಒಂದು ಹೆಸರಿಡಬೇಕೆಂದು ತಂಗಿ ಹೇಳಿದಾಗ ಅವನು ಬಹಳ ಹೊತ್ತು ಯೋಚಿಸಿದ. ಅವರಿಗೆ ಮಕ್ಕಳಿರಲಿಲ್ಲ. “ಹೆಸರಿಡೋ ಯೋಗ ಇದರಲ್ಲಾದ್ರೂ ಬಂತು” ಎಂದು ಹೇಳಿ ನೀರೋಲೆ ಎಂದಿಟ್ಟ.

ಮೊದಲು ಓದಿದವಳು ಹೆಂಡತಿ. ಎರಡನೆಯವಳು ನಾದಿನಿ. ಮೂರನೆಯವನು ಮೂಲೆಯ ಕ್ಷೌರದವನು. ಅವನಿಂದಲೇ ನೀರೋಲೆ ಬೆಳೆಯಿತು. ಪತ್ರ ಬಂದ ಕೂಡಲೇ ಅವನು ಕತ್ತರಿ ನಿಲ್ಲಿಸಿ ಜೋರಾಗಿ ಓದುತ್ತಿದ್ದ. ಅರ್ಧ ತಲೆ ಮುಗಿದವರೂ ಹೆಗಲ ಬಟ್ಟೆ ಸಮೇತ ಎದ್ದು ಮನೆಗೆ ಓಡುತ್ತಿದ್ದರು. ಓಡಿದವರೆಲ್ಲ ಮಾರನೆಯ ದಿನ ಬಂದು, “ನಮ್ಮನೇದೂ ಹಾಕ್ಕೊಳ್ಳಿ” ಎಂದು ವಿಳಾಸ ಕೊಟ್ಟರು. ಆಮೇಲೆ ತಿರುಗಣೆ ಡಬ್ಬಿಯಲ್ಲಿ ಉಳಿದಿದ್ದ ಬಿಳಿ ಬಣ್ಣದಿಂದ ಗುಂಡಿಯ ಮುಚ್ಚಳಗಳ ಮೇಲೆ ತನ್ನ ಈಮೇಲು ಬರೆದ. ಕಚೇರಿಯವರು ಬೈದರು. ಅಳಿಸಲು ಯಾರೂ ಬರಲಿಲ್ಲ.

ವಿಳಾಸಗಳನ್ನು ಫೋನಿಗೆ ತುಂಬುವುದು ಹೆಂಡತಿಯ ಪಾಲಿಗೆ ಬಿತ್ತು. ಅವಳು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ. ಆದರೆ ಇಂಗ್ಲಿಷ್ ಅಕ್ಷರಗಳು ಅವಳಿಗೆ ಆಸ್ಪತ್ರೆಯ ಚಾದರಗಳಿಂದ ಬಂದಿದ್ದವು. ಪ್ರತಿ ಚಾದರದ ಮೂಲೆಯಲ್ಲೂ ಅದು ಯಾವ ವಾರ್ಡಿನದು ಎಂದು ಒಂದು ಅಕ್ಷರ ಹೊಲಿದಿರುತ್ತಿತ್ತು. ಹೆರಿಗೆಯದಕ್ಕೆ ಒಂದು, ಮಕ್ಕಳದಕ್ಕೆ ಒಂದು, ಶವಾಗಾರದ್ದಕ್ಕೆ ಒಂದು. ಹಾಗಾಗಿ ಜನ ಬಾಗಿಲಲ್ಲಿ ನಿಂತು ಹೇಳುತ್ತಿದ್ದರೆ ಅವಳು ಒಂದೇ ಬೆರಳಲ್ಲಿ ಒತ್ತುತ್ತಿದ್ದಳು. ನಡುವೆ ಬರುವ ಸುರುಳಿ ಗುರುತಿಗೆ ಏನನ್ನುತ್ತಾರೋ ಗೊತ್ತಿರಲಿಲ್ಲ, ಬಾಲದ ಎ ಅನ್ನುತ್ತಿದ್ದಳು. “ಬಾಲದ ಎ ಬಂತಾ? ಮುಂದೆ ಹೇಳಿ.” ಬೀದಿಯವರೂ ಹಾಗೇ ಅನ್ನತೊಡಗಿದರು.

ಒಂದು ವಿಳಾಸ ತಪ್ಪಾಯಿತು. ಔಷಧಿ ಅಂಗಡಿಯವನಿಗೆ ಹೋಗಬೇಕಾದದ್ದು ಒಂದು ಚುಕ್ಕಿ ಹೆಚ್ಚಾಗಿ ಇನ್ಯಾರಿಗೋ ಹೋಯಿತು. ಕೆಲವು ದಿನ ಕಳೆದ ಮೇಲೆ ಆ ಇನ್ಯಾರೋ ಉತ್ತರ ಬರೆದರು. ‘ನೀವು ಯಾರೋ ನನಗೆ ಗೊತ್ತಿಲ್ಲ. ನಿಮ್ಮ ಬೀದಿ ಯಾವುದೋ ತಿಳಿಯದು. ನಮ್ಮಲ್ಲಿ ನೀರು ಸದಾ ಇರುತ್ತೆ. ಆದರೆ ನಿಲ್ಲಿಸಬೇಡಿ.’ ಅವರು ಗಂಡೋ ಹೆಣ್ಣೋ ತಿಳಿಯಲಿಲ್ಲ. ಮನೆಯಲ್ಲಿ ಅವರಿಗೆ ತಪ್ಪುಮನೆ ಎಂದು ಹೆಸರಾಯಿತು. “ಇವತ್ತು ತಪ್ಪುಮನೆಯೋರು ಏನಾದ್ರೂ ಬರೆದಿದಾರಾ?” ಎಂದು ಊಟ ಮಾಡುವಾಗ ಅವನು ಕೇಳುತ್ತಿದ್ದ.

ತಪ್ಪುಮನೆಯವರು ಯಾಕೆ ಓದುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಎರಡನೆಯ ಸಾಲಿಗೆ. ನೀರೋಲೆಯಲ್ಲಿ ಇರುತ್ತಿದ್ದುದು ಎರಡೇ ಸಾಲು. ಮೊದಲನೆಯದರಲ್ಲಿ ಬೀದಿಯ ಗುರುತು, ಪಕ್ಕದಲ್ಲಿ ‘ಬಿಟ್ಟೆ’ ಎಂಬ ಒಂದು ಮಾತು. ಎರಡನೆಯದರಲ್ಲಿ ಆ ದಿನ ಗುಂಡಿಯಲ್ಲಿ ಕಂಡದ್ದು.

‘ಹಿಂದಿನ ಬೀದಿ, ಬಿಟ್ಟೆ. ಒಳಗೆ ಕಪ್ಪೆ ಇತ್ತು, ನನ್ನ ನೋಡಿ ಅಲ್ಲಾಡಲಿಲ್ಲ.’

‘ಗಡಿಯಾರದ ಬೀದಿ, ಬಿಟ್ಟೆ. ಮಗುವಿನ ಚಪ್ಪಲಿ ಸಿಕ್ಕಿತು, ಎಡಗಾಲಿಂದು. ಮುಚ್ಚಳದ ಪಕ್ಕ ಇಟ್ಟಿದೀನಿ.’

ಮಗುವಿನ ಚಪ್ಪಲಿಗೆ ಬಂದಷ್ಟು ಉತ್ತರ ನೀರಿಗೆ ಎಂದೂ ಬಂದಿರಲಿಲ್ಲ. ಪಕ್ಕದ ಬಡಾವಣೆಯವರೂ, ಅವನ ನೀರು ಮುಟ್ಟದವರೂ ವಿಳಾಸ ಕೊಟ್ಟರು.

ಅವನಿಗೊಂದು ಹಟವಿತ್ತು. ಚಕ್ರ ತಿರುಗಿಸಿ, ಕೊಳವೆಗೆ ಕಿವಿಯಿಟ್ಟು, ಒಳಗೆ ನೀರು ಓಡುವ ಸದ್ದು ಕೇಳಿದ ಮೇಲೆಯೇ ಹತ್ತಿ ಬಂದು ‘ಬಿಟ್ಟೆ’ ಎಂದು ಬರೆಯುತ್ತಿದ್ದ. ಬಿಡುತ್ತೇನೆ ಎಂದು ಎಂದೂ ಬರೆದವನಲ್ಲ. ತಿರುಗಣೆ ಬಿಟ್ಟೆ ಅಂದ್ರೆ ಬಿಟ್ಟ ಹಾಗೇ ಎಂದು ಬೀದಿಯಲ್ಲಿ ಮಾತಾಗಿತ್ತು. ಯಾರಾದರೂ ಮಾತಿಗೆ ತಪ್ಪಿದರೆ, “ಇವನೇನು ತಿರುಗಣೇನಾ?” ಎಂದು ಚುಚ್ಚುತ್ತಿದ್ದರು.

ಓದುವವರು ಹೆಚ್ಚಾದ ಹಾಗೆ ಮಾತೂ ಹೆಚ್ಚಾಯಿತು. ಅವನ ಮೊಣಕಾಲು ಹದಗೆಟ್ಟಿತ್ತು, ಗುಂಡಿ ಹತ್ತಿ ಬರಲು ತಡವಾಗುತ್ತಿತ್ತು. ‘ಬಿಟ್ಟ ಮೇಲೆ ಹೇಳಿದ್ರೆ ಏನು ಬಂತು? ನಾನು ಬಿಂದಿಗೆ ಹುಡುಕೋ ಹೊತ್ತಿಗೆ ಅರ್ಧ ನೀರು ಪಕ್ಕದ ಮನೆಗೆ ಹೋಗಿರುತ್ತೆ.’ ‘ಅಣ್ಣಾ, ಸ್ವಲ್ಪ ಮುಂಚೆ ಹಾಕಿ.’ ‘ಕಪ್ಪೆ ಕಥೆ ಆಮೇಲೆ, ಮೊದಲು ನೀರಿನ ಸುದ್ದಿ.’ ಕೆಲವರು ಬಿಟ್ಟೂ ಹೋದರು. ಒಬ್ಬೊಬ್ಬರು ಬಿಟ್ಟು ಹೋದಾಗಲೂ ಅವನು ಮನೆಯಿಂದ ಯಾರೋ ಎದ್ದು ಹೋದಂತೆ ಮುಖ ಮಾಡುತ್ತಿದ್ದ. “ಇವತ್ತು ಒಬ್ಬರು ಹೋದ್ರು ಕಣೇ.” ಅವಳು, “ಹೋದ್ರೆ ಹೋಗ್ಲಿ, ನೀರು ಬೇಕಾದಾಗ ತಾವಾಗೇ ಕೇಳ್ಕೊಂಡು ಬರ್ತಾರೆ” ಅನ್ನುತ್ತಿದ್ದಳು. ಅವನಿಗೆ ಸಮಾಧಾನವಾಗುತ್ತಿರಲಿಲ್ಲ.

ಆದ್ದರಿಂದ ಆ ಸಂಜೆ ತಂಗಿ ಗಡಿಯಾರದ ಗುರುತು ತೋರಿಸಿದಳು.

“ಹಾಗಾದ್ರೆ ಬಿಡದೇನೇ ಬಿಟ್ಟೆ ಅಂತ ಬರೆಯೋದಾ?” ಎಂದು ಅವಳು ಸೌಟು ಹಿಡಿದೇ ಕೇಳಿದಳು.

“ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬಿಟ್ಟಿರ್ತೀನಲ್ಲ. ನಾನು ಹತ್ತಿ ಬರೋದೊಂದೇ ತಾನೇ ಬಾಕಿ ಇರೋದು.”

“ನಿಮ್ಮಿಷ್ಟ.”

“ನಾಳೆ ಒಂದು ದಿನ ನೋಡೋಣ. ಸರಿಹೋಗದಿದ್ರೆ ಬಿಡೋಣ.”

ಬೀದಿಯ ಹೆಸರು ಒತ್ತಿದ. ‘ಬಿಟ್ಟೆ’ ಒತ್ತಿದ. ಬೆರಳು ನಿಂತಿತು. “ಎರಡನೇ ಸಾಲು ಏನು ಬರೀಲಿ? ಇನ್ನೂ ನೋಡೇ ಇಲ್ವಲ್ಲ.”

“ಏನೋ ಒಂದು ಬರೀರಿ ಭಾವ. ಕಪ್ಪೆ ಅಂತ ಹಾಕಿ.”

“ಇಲ್ಲದ ಕಪ್ಪೆನ ಎಲ್ಲಿಂದ ತರ್ಲಿ?” ಎಂದು ಅವನು ಎರಡನೆಯ ಸಾಲು ಖಾಲಿ ಬಿಟ್ಟು ಗಡಿಯಾರ ಒತ್ತಿದ.

ಮಾರನೆಯ ಬೆಳಗ್ಗೆ ಅವನು ಎದ್ದು ಹೋದದ್ದು ಅವಳಿಗೆ ಅರೆನಿದ್ದೆಯಲ್ಲಿ ಕೇಳಿಸಿತು. ಬಾಗಿಲ ಚಿಲಕ, ಆಮೇಲೆ ಸೈಕಲ್ಲು. ಎದ್ದು ನೋಡಿದರೆ ಫೋನು ಕಪಾಟಿನ ಮೇಲೇ ಇತ್ತು. ಪತ್ರ ತಾನಾಗೇ ಹೋಗುವಾಗ ಫೋನು ಯಾಕೆ ಎಂದುಕೊಂಡಿರಬೇಕು. ಅವಳು ಹಲ್ಲುಜ್ಜುತ್ತಿದ್ದಾಗ ಫೋನು ಟಿಣ್ ಎಂದಿತು. ನೀರೋಲೆ ಅವರ ಮನೆಗೂ ಬರುತ್ತಿತ್ತು. ‘ಬಿಟ್ಟೆ’ ಎಂದಿತ್ತು. ಅವಳು ಬಾಯಿ ಮುಕ್ಕಳಿಸಿ ನಲ್ಲಿ ತಿರುಗಿಸಿದಳು. ಹಿಂದಿನ ಸಂಜೆ ಅದನ್ನು ಬರೆದಾಗ ಅವಳು ಅಲ್ಲೇ ಸೌಟು ಹಿಡಿದು ನಿಂತಿದ್ದವಳು. ಆದರೂ ಕಣ್ಣು ‘ಬಿಟ್ಟೆ’ ಎಂದು ಓದಿತು, ಕೈ ನಲ್ಲಿಗೆ ಹೋಯಿತು.

ನಲ್ಲಿ ಸುಮ್ಮನಿತ್ತು. ಗಾಳಿಯೂ ಬರಲಿಲ್ಲ.

“ಎಲ್ಲಿ ಬಿಟ್ರಿ ಮಹಾರಾಯ್ರೇ,” ಎಂದು ಗೊಣಗಿಕೊಂಡು, ನಲ್ಲಿಯ ಕೆಳಗೆ ಬಕೆಟ್ ಇಟ್ಟು, ಕೆಲಸಕ್ಕೆ ಹೋದಳು.

ಮಧ್ಯಾಹ್ನದ ಹೊತ್ತಿಗೆ, ಎರಡು ಕೊಳವೆ ಕೂಡುವ ಆಳದ ಗುಂಡಿಯ ಹತ್ತಿರ, ಮುಚ್ಚಳ ಯಾರು ತೆಗೆದಿಟ್ಟರೆಂದು ಬೈಯಲು ಒಬ್ಬ ತಳ್ಳುಗಾಡಿಯವನು ಬಗ್ಗಿದ. ಹಗ್ಗ ಕಬ್ಬಿಣದ ಕೊಕ್ಕೆಗೆ ಸುತ್ತಿತ್ತು. ಹಿಡಿದವರಿರಲಿಲ್ಲ. ಚಕ್ರ ಕಾಲು ಭಾಗ ಮಾತ್ರ ತಿರುಗಿತ್ತು. ಗುಂಡಿಯ ಕೆಟ್ಟ ಗಾಳಿ ಕುಡಿದು ಅವನು ಚಕ್ರದ ಮೇಲೇ ಒರಗಿದ್ದ.

ಆಸ್ಪತ್ರೆಗೆ ತಂದರು. ಅವಳು ಕೆಳಗೆ ಚಾದರ ಮಡಚುತ್ತಿದ್ದಳು. ಮೇಲ್ವಿಚಾರಕಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು, ಏನೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಮಂಚದ ಅಂಚಿನಿಂದ ಇಳಿಬಿದ್ದ ಚಾದರದ ಮೂಲೆಯಲ್ಲಿ ಆ ಒಂದು ಅಕ್ಷರವಿತ್ತು. ಹಿಂದಿನ ದಿನ ಅವಳೇ ಒಗೆದು, ಮಡಚಿ, ಆ ಅಕ್ಷರದ ಕಪಾಟಿಗೆ ಕಳಿಸಿದ್ದಳು. ಕಲೆ ಒಂದೂ ಇರಲಿಲ್ಲ. ಚೆನ್ನಾಗಿ ಒಗೆದಿದ್ದೆ ಎಂದು ಅವಳ ತಲೆಗೆ ಹೊಳೆಯಿತು. ಅಂಥ ಹೊತ್ತಲ್ಲಿ ತಲೆ ಅಂಥದ್ದನ್ನೇ ಹೇಳುತ್ತದೆ.

ಎಲ್ಲ ಮುಗಿಸಿ ಮನೆಗೆ ಬಂದಾಗ ನಲ್ಲಿಯ ಕೆಳಗೆ ಖಾಲಿ ಬಕೆಟ್ ಹಾಗೇ ಇತ್ತು. ಅವಳು ಅದನ್ನು ಸರಿಸಲಿಲ್ಲ. ತಂಗಿ ಗೋಡೆಗೊರಗಿ, “ನಾನೇ ಹೇಳ್ಕೊಟ್ಟಿದ್ದು ಅಕ್ಕ, ನಾನೇ ಹೇಳ್ಕೊಟ್ಟಿದ್ದು” ಎಂದು ಒಂದೇ ಸಮ ಅಳುತ್ತಿದ್ದಳು.

“ಬಾಯಿ ಮುಚ್ಚು,” ಎಂದಳು ಅವಳು. ಬೈಯಲು ಅಲ್ಲ. ಕೇಳಲು ಶಕ್ತಿಯಿರಲಿಲ್ಲ.

ಫೋನಿನ ತುಂಬ ಉತ್ತರಗಳಿದ್ದವು. ಎಲ್ಲ ಆ ಬೆಳಗ್ಗೆ ಬಂದವು. ‘ಎಲ್ಲಿ ಬಿಟ್ಟೆ ಮಾರಾಯ, ನಿನ್ನ ಕನಸಲ್ಲೇನೋ?’ ‘ಮಕ್ಕಳು ಮುಖ ತೊಳೆಯದೇ ಶಾಲೆಗೆ ಹೋದ್ವು, ಥೂ.’ ‘ನೀನೂ ಸುಳ್ಳು ಹೇಳೋಕೆ ಶುರು ಮಾಡಿದ್ಯಾ ತಿರುಗಣೆ?’ ‘ನನ್ನ ಹೆಸರು ತೆಗೀರಿ.’ ಅವಳು ಒಂದೊಂದನ್ನೂ ಬೆರಳಿಟ್ಟು ಓದಿದಳು. ಓದುವುದು ನಿಧಾನ, ಅದಕ್ಕೇ ಪೂರ್ತಿ ನಾಟಿತು. ಅವರು ಇದನ್ನೆಲ್ಲ ಒತ್ತುತ್ತಿದ್ದ ಹೊತ್ತಿಗೆ ಅವನು ಎಲ್ಲಿದ್ದ ಎಂದು ಅವಳು ಲೆಕ್ಕ ಹಾಕಲಿಲ್ಲ. ಹಾಕದಿರಲೂ ಆಗಲಿಲ್ಲ.

ಕೊನೆಯಲ್ಲಿ ತಪ್ಪುಮನೆಯದಿತ್ತು. ‘ಇವತ್ತು ಎರಡನೇ ಸಾಲು ಇಲ್ಲ. ನೀವು ಹೋಗದೇ ಬರೆದಿದೀರಾ? ಹುಷಾರಾಗಿದೀರಾ?’

ಅದನ್ನು ಓದಿ ಅವಳು ಅತ್ತಳು. ಅಲ್ಲಿಯವರೆಗೂ ಅತ್ತಿರಲಿಲ್ಲ.

ಕೆಲವು ದಿನ ಬಿಟ್ಟು ಕಚೇರಿಯಿಂದ ಕರೆ ಬಂತು. ನೀರಿನ ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ, ಮೇಜುಗಳ ಸಾಲು, ಮೂಲೆಯಲ್ಲೊಂದು ಖಾಲಿ ಕುಡಿಯುವ ನೀರಿನ ಕ್ಯಾನು. ಸಾಹೇಬ ಅವಳನ್ನು ಕೂರಲು ಹೇಳಿದ. ಮಾತು ಮೃದುವಾಗಿತ್ತು. ಮುಂದೆ ಒಂದು ಹಾಳೆ ತಳ್ಳಿದ. ನೀರೋಲೆಯನ್ನು ಅಚ್ಚು ತೆಗೆಸಿದ್ದರು.

“ಓದೋಕೆ ಬರುತ್ತೇನಮ್ಮ?”

“ಬರುತ್ತೆ.”

“ಏನಿದೆ?”

“ಬಿಟ್ಟೆ ಅಂತಿದೆ.”

“ಗುಂಡಿ ಒಳಗೆ ಫೋನು ಸಿಗಲ್ಲ. ಅಂದ್ರೆ ಮೇಲೆ ನಿಂತು ಬರೆದಿದಾನೆ. ಕೆಲಸ ಮುಗೀತು ಅಂತ ಅವನೇ ಹೇಳಿದ ಹಾಗಾಯ್ತು. ಆಮೇಲೆ ಯಾಕೆ ಇಳಿದ? ಹಗ್ಗದವನಿಲ್ಲದೆ, ಯಾರಿಗೂ ಹೇಳದೆ? ನಾನೇನೂ ಅನ್ನಲ್ಲಮ್ಮ. ಆದ್ರೆ ಗುಂಡಿಗಳಲ್ಲಿ ಹಿತ್ತಾಳೆ ಸಾಮಾನು ಕಳುವಾಗ್ತಾನೇ ಇದೆ.”

ಅವಳು ಹಾಳೆಯನ್ನು ಹಿಂದಕ್ಕೆ ತಳ್ಳಿದಳು. “ನೀರು ಬಂದಿರ್ಲಿಲ್ಲ ಆವತ್ತು. ಕೆಲಸ ಎಲ್ಲಿ ಮುಗೀತು? ಫೋನು ಮನೇಲಿತ್ತು. ನಮ್ಮ ಕಪಾಟಿನ ಮೇಲೆ.”

“ಹಾಗಾದ್ರೆ ಇದು ಹೋಗಿದ್ದು ಹೇಗೆ?”

“ಹಿಂದಿನ ಸಂಜೆ...” ಎಂದು ಅವಳು ನಿಲ್ಲಿಸಿದಳು.

“ಹಿಂದಿನ ಸಂಜೆ ಏನು? ನೀರು ಬಿಡೋ ಮುಂಚೇನೇ ಬಿಟ್ಟೆ ಅಂತ ಬರೆದಿಟ್ನಾ?” ಸಾಹೇಬ ಸುತ್ತ ನೋಡಿದ. ಹಿಂದಿನ ಮೇಜಿನಲ್ಲಿ ಯಾರೋ ನಕ್ಕರು. “ದಿನಾ ಹೀಗೇನಾ? ಈ ಸತ್ಯವಂತ ಮನೇಲಿ ಮಲಗಿಕೊಂಡೇ ಊರಿಗೆಲ್ಲ ನೀರು ಬಿಡ್ತಿದ್ನಾ? ನೀನೇ ಹೇಳಮ್ಮ. ಒಂದೋ ಕೆಲಸ ಮುಗಿಸಿ ಸ್ವಂತಕ್ಕೆ ಇಳಿದಿದಾನೆ. ಇಲ್ಲ ಅಂದ್ರೆ ಸುಳ್ಳು ಬರೀತಿದ್ದ. ಯಾವುದು ಅಂತ ಬರ್ಕೊಳ್ಲಿ?”

ಮೊದಲೇ ಬರೆದಿಟ್ಟದ್ದು ಹೌದು ಅಂದರೆ ಗಂಡ ಸುಳ್ಳುಗಾರ. ಇಷ್ಟು ದಿನ ಬರೆದದ್ದೆಲ್ಲ ಆ ಒಂದು ದಿನದ ಜೊತೆ ಕೊಚ್ಚಿ ಹೋಗುತ್ತದೆ. ಸುಮ್ಮನಿದ್ದರೆ ಗಂಡ ಹಿತ್ತಾಳೆ ಕಳ್ಳ.

“ಯೋಚನೆ ಮಾಡಿ ಹೇಳ್ತೀನಿ,” ಎಂದು ಎದ್ದಳು.

ಮರುದಿನ ಸಂಜೆ ಹಗ್ಗದವನು ಬಂದ. ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ತೆಳ್ಳಗಿನ ಆಸಾಮಿ, ಗಂಡನ ಜೊತೆ ಅದೇ ಸ್ಟೂಲಿನ ಮೇಲೆ ಕೂತು ಎಷ್ಟೋ ಸಲ ಚಹಾ ಕುಡಿದವನು. ಈಗ ಸ್ಟೂಲನ್ನು ನೋಡಲೂ ಇಲ್ಲ.

“ಅಕ್ಕಾ, ಆವತ್ತು ನಂಗೆ ತಡವಾಯ್ತು. ಸಾಹೇಬ್ರು ಅವರ ಮನೆ ಟ್ಯಾಂಕು ತೊಳೆಯೋಕೆ ಕರೆದಿದ್ರು. ಮುಗಿಸಿ ಓಡಿ ಬರ್ತಿದ್ದೆ.”

ಅವನು ಜೇಬಿನ ಮೇಲೆ ಕೈಯಿಟ್ಟ.

“ಫೋನು ಟಿಣ್ ಅಂತು. ತೆಗೆದು ನೋಡ್ದೆ. ಬಿಟ್ಟೆ ಅಂತಿತ್ತು. ಅಣ್ಣ ಒಬ್ಬನೇ ಮುಗಿಸಿ ಹತ್ತಿಬಿಟ್ಟ ಅಂದ್ಕೊಂಡೆ. ವಾಪಸ್ ಹೋದೆ.”

“ಎಷ್ಟು ದೂರ ಇದ್ದೆ?”

ಅವನು ಬೀದಿಯ ಮೂಲೆಯ ಕಡೆ ನೋಡಿದ.

“ಮೂಲೆ ತಿರುಗಿದ್ರೆ ಗುಂಡಿ ಕಾಣ್ತಿತ್ತು.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಅಣ್ಣ ಬಿಟ್ಟೆ ಅಂದ್ರೆ ಬಿಟ್ಟ ಹಾಗೇ ಅಲ್ವಾ ಅಕ್ಕ,” ಎಂದ ಅವನು. ಸಮಜಾಯಿಷಿ ಕೊಡುವ ದನಿಯಲ್ಲಿ ಅಲ್ಲ, ಕೇಳುವ ದನಿಯಲ್ಲಿ. “ಬೇರೆ ಯಾರೇ ಆಗಿದ್ರೂ ಹೋಗಿ ನೋಡ್ತಿದ್ದೆ.”

ಅವಳಿಗೆ ಅವನನ್ನು ಹೊಡೆಯಬೇಕೆನ್ನಿಸಿತು. ಆಮೇಲೆ ಅದೂ ಅನ್ನಿಸಲಿಲ್ಲ. ಸುಳ್ಳುಗಾರನ ಮಾತಾಗಿದ್ದರೆ ಇವನು ಮೂಲೆ ತಿರುಗುತ್ತಿದ್ದ. ಗಂಡ ಇಷ್ಟು ದಿನ ನಿಜ ಬರೆದದ್ದಕ್ಕೇ ಇವನು ತಿರುಗಲಿಲ್ಲ. ಆ ನಿಜವನ್ನು ಈಗ ಯಾರಿಗಾಗಿ ಕಾಪಾಡುವುದು?

“ಕಚೇರೀಲಿ ಹೇಳ್ತೀಯಾ ಇದನ್ನ?”

“ನನ್ನ ಕೆಲಸ ಹೋಗುತ್ತೆ ಅಕ್ಕ.”

“ಅವರದು ಹೋಯ್ತಲ್ಲ,” ಎಂದು ಅವಳು ಬಾಗಿಲು ಹಾಕಿಕೊಂಡಳು.

ತಂಗಿಯನ್ನು ಕರೆದು, “ಪತ್ರ ಬರೆಯೋ ಜಾಗ ತೆಗೆದುಕೊಡು. ಆಮೇಲೆ ಅಲ್ಲಿ ಹೋಗಿ ಕೂತ್ಕೋ,” ಎಂದಳು. ಸ್ಟೂಲಿನ ಮೇಲೆ ಕೂತು ಒಂದೇ ಬೆರಳಲ್ಲಿ ಒತ್ತಿದಳು. ತಂಗಿ ಒತ್ತಕ್ಷರ ಸರಿಮಾಡುತ್ತೇನೆಂದು ಎದ್ದುಬಂದಳು. ಅವಳು ಕೊಡಲಿಲ್ಲ. ಅವಳು ಬರೆದದ್ದು ಇಷ್ಟು:

‘ನಾನು ತಿರುಗಣೆ ಹೆಂಡತಿ. ಆವತ್ತು ನಿಮಗೆ ಬಿಟ್ಟೆ ಅಂತ ಬಂದಿದ್ದು ಸುಳ್ಳು. ಹಿಂದಿನ ಸಂಜೇನೇ ಬರೆದಿಟ್ಟಿದ್ರು. ನೀವು ಮುಂಚೆ ಬೇಕು ಅಂದ್ರಿ, ಅದಕ್ಕೆ. ನಾನೂ ಅಲ್ಲೇ ಇದ್ದೆ, ತಡೀಲಿಲ್ಲ. ಅದು ನಿಮ್ಮ ಫೋನಿಗೆ ಬಂದಾಗ ಅವರು ಗುಂಡಿ ಒಳಗಿದ್ರು. ನೀರು ಬಿಡೋಕೇ ಇಳಿದಿದ್ರು. ಕದಿಯೋಕಲ್ಲ. ಅದಕ್ಕೆ ಮುಂಚೆ ಬರೆದಿದ್ದೆಲ್ಲ ನಿಜ. ಕಪ್ಪೆ ನಿಜ, ಚಪ್ಪಲಿ ನಿಜ. ಬೇಡ ಅನ್ನೋರು ಹೋಗಬಹುದು.’

ಗಡಿಯಾರ ಒತ್ತಲಿಲ್ಲ. ಆಗಲೇ ಕಳಿಸಿದಳು.

ಬಹಳ ಜನ ಹೋದರು. ಬೈದವರಲ್ಲ, ಬೈದವರು ಉಳಿದರು. ಹೋದವರು ಏನೂ ಹೇಳದೆ ಹೋದರು. ಯಾಕೆಂದು ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ‘ನೀವು ಮುಂಚೆ ಬೇಕು ಅಂದ್ರಿ’ ಎಂದು ಬರೆದಿದ್ದಳಲ್ಲ. ಕ್ಷೌರದವನು ಅದನ್ನು ಅಂಗಡಿಯಲ್ಲಿ ಜೋರಾಗಿ ಓದಲು ಹೋಗಿ, ಅರ್ಧಕ್ಕೆ ನಿಲ್ಲಿಸಿ, ಕತ್ತರಿ ಕೈಗೆತ್ತಿಕೊಂಡನಂತೆ. ಬೀದಿಯಲ್ಲಿ ಅವಳನ್ನು ಕಂಡವರು ತರಕಾರಿ ಆರಿಸುವಂತೆ ಬಗ್ಗುತ್ತಿದ್ದರು.

ಆದರೆ ಅವಳು ಮತ್ತೆ ಕಚೇರಿಗೆ ಹೋದ ದಿನ ಹೊರಗಿನ ಮೆಟ್ಟಿಲ ಹತ್ತಿರ ಕೆಲವರು ನಿಂತಿದ್ದರು. ಕ್ಷೌರದವನಿದ್ದ. ಔಷಧಿ ಅಂಗಡಿಯವನಿದ್ದ. ‘ಥೂ’ ಎಂದು ಬರೆದ ಹೆಂಗಸೂ ಇದ್ದಳು, ಮಗುವಿನ ಕೈ ಹಿಡಿದುಕೊಂಡು. ಸುಮ್ಮನೆ ಅವಳ ಹಿಂದೆ ಒಳಗೆ ಬಂದು ಗೋಡೆಗೆ ಒತ್ತಿ ನಿಂತರು. ಸಾಹೇಬ ಅವರನ್ನು ಹೊರಗೆ ಹೋಗಿ ಎನ್ನಲು ಬಾಯಿ ತೆರೆದು, ಮತ್ತೆ ಮುಚ್ಚಿದ.

“ಯೋಚನೆ ಮಾಡಿದ್ಯೇನಮ್ಮ?”

“ಮಾಡಿದೆ. ಸುಳ್ಳೇ ಬರೆದಿದ್ರು. ಒಂದು ದಿನ. ಆ ದಿನವೇ ಸತ್ರು. ಬರ್ಕೊಳ್ಳಿ.”

ಸಾಹೇಬ ಪೆನ್ನು ಎತ್ತಿಕೊಂಡ.

“ಸುಳ್ಳು ಅಂತ ಬರ್ಕೊಳ್ಳಿ. ಆದ್ರೆ ಚಕ್ರದ ಮೇಲೆ ಕೈ ಇತ್ತು ಅಂತಾನೂ ಬರ್ಕೊಳ್ಳಿ. ಎತ್ತಿದವರಿಗೆ ಗೊತ್ತು. ಬೆರಳು ಬಿಡಿಸಬೇಕಾಯ್ತು.”

ಹಗ್ಗದವನನ್ನು ಕರೆದರು. ಅವನು ಬಂದಿದ್ದ. ಪತ್ರ ನೋಡಿ ಮೂಲೆಯಲ್ಲಿ ವಾಪಸಾದೆ ಎಂದು ಹೇಳಿದ. ತಡ ಯಾಕಾಯಿತು ಎಂದು ಕೇಳಿದಾಗ ನೆಲ ನೋಡಿದ. ಸಾಹೇಬನೂ ಎರಡನೇ ಸಲ ಕೇಳಲಿಲ್ಲ. ಟ್ಯಾಂಕಿನ ಮಾತು ಆ ಕೋಣೆಯಲ್ಲಿ ಬರಲೇ ಇಲ್ಲ. ಅವಳು ಹೇಳಬಹುದಿತ್ತು. ನೋಡದ್ದನ್ನು ಹೇಳುವುದು ಅವಳಿಗಾಗಲಿಲ್ಲ. ಇಲ್ಲದ ಕಪ್ಪೆ ಎಂದು ಗಂಡ ಅಂದದ್ದು ನೆನಪಾಯಿತು. ಹೇಳಬೇಕಾದವನು ನೆಲ ನೋಡುತ್ತಿದ್ದ.

ಬಹಳ ದಿನಗಳ ಮೇಲೆ ಕಚೇರಿಯಿಂದ ಒಂದು ಕಾಗದ ಬಂತು. ತಂಗಿ ಓದಿದಳು. ಅದರಲ್ಲಿ ‘ನಿಯಮ ಪಾಲಿಸದೆ’ ಎಂದಿತ್ತು. ‘ತಪ್ಪು ಮಾಹಿತಿ ನೀಡಿ’ ಎಂದಿತ್ತು. ಕೊನೆಯಲ್ಲಿ ‘ಕೆಲಸದಲ್ಲಿದ್ದಾಗ’ ಎಂದಿತ್ತು.

“ಅದನ್ನ ಇನ್ನೊಂದ್ಸಲ ಓದು.”

“ಕೆಲಸದಲ್ಲಿದ್ದಾಗ.”

“ಸಾಕು,” ಎಂದಳು.

ಅವಳಿಗೆ ಬೇಕಾಗಿದ್ದು ಆ ಒಂದು ಮಾತು. ಅದು ಬಂತು. ಬಂದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಕಾಗದ ಮಡಚಿ ಕಪಾಟಿನ ಮೇಲೆ, ಫೋನಿಡುವ ಜಾಗದಲ್ಲಿಟ್ಟಳು. ಸಾಹೇಬ ಅದೇ ಮೇಜಿನಲ್ಲಿದ್ದಾನೆ. ಹಗ್ಗದವನನ್ನು ದೂರದ ಪಂಪಿಗೆ ಹಾಕಿದರು. ಹೊಸದಾಗಿ ನೀರು ಬಿಡಲು ಬಂದವನು ಯಾರ ಜೊತೆಯೂ ಮಾತಾಡುವುದಿಲ್ಲ, ಬರೆಯುವುದೂ ಇಲ್ಲ. ಯಾವಾಗ ಬಿಡುತ್ತಾನೋ ಅವನಿಗೇ ಗೊತ್ತು. ತಂಗಿ ಗಡಿಯಾರದ ಗುರುತನ್ನು ಇನ್ಯಾರಿಗೂ ಹೇಳಿಕೊಡುವುದಿಲ್ಲ. ಅಂಗಡಿಯಲ್ಲಿ ಕೇಳಿದವರಿಗೆ, ನಂಗೊತ್ತಿಲ್ಲ ಅನ್ನುತ್ತಾಳಂತೆ.

ಅವಳು ಬೆಳಕು ಹರಿಯುವ ಮೊದಲೇ ಏಳುತ್ತಾಳೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ತೆರೆದೇ ಬಿಡುತ್ತಾಳೆ. ಕೆಳಗೆ ಅದೇ ಬಕೆಟ್. ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಫೋನು ಮಡಿಲಲ್ಲಿಟ್ಟು ಕೂರುತ್ತಾಳೆ. ಮೊದಲು ಕೊಳವೆ ಕೆಮ್ಮುತ್ತದೆ. ಗಾಳಿ ಬರುತ್ತದೆ. ಗಾಳಿಗೆ ಅವಳು ಅಲ್ಲಾಡುವುದಿಲ್ಲ. ಆಮೇಲೆ ಕಂದು ನೀರು ನಾಲ್ಕು ಹನಿ ಬೀಳುತ್ತದೆ. ಅದಕ್ಕೂ ಅಲ್ಲಾಡುವುದಿಲ್ಲ. ನೀರು ತಿಳಿಯಾಗಿ, ಒಂದೇ ಧಾರೆಯಾಗಿ ಬಿದ್ದಾಗ ಬಲಗೈ ಚಾಚಿ ಅದರ ಕೆಳಗೆ ಹಿಡಿಯುತ್ತಾಳೆ. ಕೈ ಪೂರ್ತಿ ನೆನೆಯಬೇಕು. ನೆನೆದ ಮೇಲೆ ಸೀರೆಗೆ ಒರೆಸಿಕೊಂಡು, ಅದೇ ಬೆರಳಲ್ಲಿ ಒತ್ತುತ್ತಾಳೆ. ‘ಬಿಟ್ಟೆ’ ಎಂಬ ಮಾತನ್ನು ಅವಳು ಮುಟ್ಟುವುದಿಲ್ಲ.

‘ನಮ್ಮ ಬೀದಿ, ಬಂತು. ನೀರು ತಣ್ಣಗಿದೆ.’

ಕಳಿಸಿ, ನಲ್ಲಿ ನಿಲ್ಲಿಸಿ, ಬಕೆಟ್ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ನೀರು ಬಾರದ ದಿನ ಬಿಸಿಲು ಬಚ್ಚಲ ಗೋಡೆಗೆ ಬೀಳುವವರೆಗೆ ಕಾದು, ಒಣ ಕೈಯಲ್ಲೇ ‘ಬರಲಿಲ್ಲ’ ಎಂದು ಬರೆದು ಎದ್ದು ಕೆಲಸಕ್ಕೆ ಹೋಗುತ್ತಾಳೆ.